ಟೈಲರಮ್ಮನಿಗೆ ಸಿಗದ ವೈಫೈ

ನಮ್ಮ ಕೆಳಮನೆಯ ಟೈಲರಮ್ಮನ ಗಂಡನನ್ನು ಬೀದಿಯವರೆಲ್ಲ ಪಾಪದ ಮನುಷ್ಯ ಅನ್ನುತ್ತಾರೆ. ಅನ್ನುವವರ ಬಾಯಿಗಿಷ್ಟು ಮಣ್ಣು ಹಾಕ.

ಟೈಲರಮ್ಮನಿಗೆ ಒಬ್ಬಳೇ ತಂಗಿ. ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು, ಓದುಬರಹವೂ ಇಲ್ಲ. ಚಿಕ್ಕಂದಿನಲ್ಲಿ ಇಬ್ಬರೂ ಸೇರಿ ಕೈಸನ್ನೆಯಲ್ಲೇ ಒಂದು ಭಾಷೆ ಕಟ್ಟಿಕೊಂಡಿದ್ದರು. ಅದು ಅವರಿಬ್ಬರಿಗೆ ಬಿಟ್ಟರೆ ಇನ್ಯಾರಿಗೂ ತಿಳಿಯದು. ದೂರದಲ್ಲಿ ಗಂಡನ ಮನೆಯಲ್ಲಿದ್ದ ಆ ತಂಗಿ ಹಾಸಿಗೆ ಹಿಡಿದಳು. ಹೋಗಿಬರುತ್ತೇನೆಂದರೆ ಗಂಡ ಮೆತ್ತಗೆ, "ನೀನು ಹೋದರೆ ನನಗೆ ಊಟ ಯಾರು ಹಾಕ್ತಾರೆ ಹೇಳು?" ಅನ್ನುತ್ತಿದ್ದ. ವಿಡಿಯೋ ಕಾಲಿನಲ್ಲಾದರೂ ನೋಡೋಣವೆಂದರೆ ಅವನ ಮೊಬೈಲನ್ನು ಅವಳು ಮುಟ್ಟುವಂತಿಲ್ಲ; ಕಂಡವರದಕ್ಕೆ ಕೈಯೊಡ್ಡಿದರೆ ಅವನ ಮರ್ಯಾದೆ ಹೋಗುತ್ತದೆ. ನನ್ನದು ತಗೊಳ್ಳೇ ಎಂದು ನಾನು ಬಡಕೊಂಡೆ. ಅವಳಿಗೆ ಗಂಡನ ಮಾತೇ ವೇದವಾಕ್ಯ.

ಅವಳ ಹತ್ತಿರ ಬಟ್ಟೆ ಹೊಲಿಸುವ ಕಾಲೇಜಿನ ಮೇಡಂ ಒಬ್ಬರು ಮರುಗಿ, ತಮ್ಮ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ ಕೊಟ್ಟರು. ಮೇಡಂ ಮಾತು ಮೀರಲಾರದೆ ಹೋಗಿ ತಂದವನು ಗಂಡ. ವೈಫೈ ನಮ್ಮ ಮನೆಯದು, ಪಾಸ್‌ವರ್ಡ್ ನಾನೇ ಕೊಟ್ಟೆ. ಆದರೆ ಪರದೆಯ ಮೇಲೆ ಒಂದು ವೈಫೈ ಹೆಸರೂ ಕಾಣಿಸಲಿಲ್ಲ.

ದಿನಾ ಸಂಜೆ ಹೊಲಿಗೆ ಮುಗಿಸಿ ಇಬ್ಬರೂ ಅದರ ಮುಂದೆ ಕೂರುತ್ತಿದ್ದೆವು. ಮೇಡಂ ಫೋನಿನಲ್ಲಿ ಹೇಳಿದ ಕಮಾಂಡುಗಳನ್ನು ನಾನು ಓದುವುದು, ಅವಳು ಒಂದೊಂದೇ ಅಕ್ಷರ ಹುಡುಕಿ ಒತ್ತುವುದು. ವೈಫೈ ನಡೆಸುವ ಡ್ರೈವರ್ ಎಂಬ ತಂತ್ರಾಂಶವನ್ನು ತೆಗೆದು ಮತ್ತೆ ಹಾಕಿದೆವು. ಎಷ್ಟು ಮಾಡಿದರೂ ಅದು ಒಂದೇ ರಾಗ ಎಳೆಯುತ್ತಿತ್ತು: ಹಾರ್ಡ್ ಬ್ಲಾಕ್ಡ್, ಯೆಸ್.

"ಹಂಗಂದ್ರೇನಕ್ಕಾ?"

"ಯಾರೋ ಕೈಯಾರೆ ಬಂದ್ ಮಾಡಿದ್ದಾರೆ ಅಂತಿರಬೇಕು."

"ನಮ್ಮನೇಲಿ ಯಾರು ಮಾಡ್ತಾರೆ? ಇದಕ್ಕೇ ತಲೆ ಕೆಟ್ಟಿದೆ," ಎಂದು ನಕ್ಕಳು.

ಗಂಡ ಪಕ್ಕದಲ್ಲೇ ಕೂತು ಲೊಚಗುಟ್ಟುತ್ತಿದ್ದ. "ಪುಕ್ಕಟೆ ಸಿಕ್ಕಿದ್ದು ಇಷ್ಟೇ ಕಣೇ. ನಿನ್ನ ಹಣೇಲಿ ಬರೆದಿಲ್ಲ ಬಿಡು." ಅವಳು ಅತ್ತರೆ ನೀರು ತಂದುಕೊಡುವವನೂ ಅವನೇ.

ಒಂದು ಸಂಜೆ ಹೊಲಿದ ಬಟ್ಟೆ ಒಯ್ಯಲು ಮೇಡಂ ಬಂದರು. ಲ್ಯಾಪ್‌ಟಾಪ್ ಎತ್ತಿ, ಅಂಚಿನಲ್ಲಿದ್ದ ಪುಟ್ಟ ಸ್ವಿಚ್ಚನ್ನು ಉಗುರಿನಿಂದ ಸರಿಸಿದರು. ವೈಫೈ ಹೆಸರುಗಳು ಸಾಲುಸಾಲಾಗಿ ಮೂಡಿದವು.

"ಆನ್ ಮಾಡಿಯೇ ಕೊಟ್ಟಿದ್ದೆ. ಇದನ್ನ ಸರಿಸಿದ್ರೆ ಬಂದ್ ಆಗುತ್ತೆ ಅಂತ ನಿಮ್ಮ ಯಜಮಾನರಿಗೆ ತೋರಿಸಿದ್ದೆನಲ್ಲ?"

ಟೈಲರಮ್ಮ ಗಂಡನ ಮುಖ ನೋಡಿದಳು. ಅವನಿಗೆ ನಾಚಿಕೆಯೂ ಆಗಲಿಲ್ಲ. "ಆ ಮೂಗಿ ಜೊತೆ ಕೈ ಆಡಿಸ್ತಾ ಕೂತ್ರೆ ಮನೆ ಕೆಲಸ ಯಾರು ನೋಡ್ತಾರೆ ಮೇಡಂ?"

ಟೈಲರಮ್ಮ ಪಾಸ್‌ವರ್ಡ್ ಒತ್ತಿ ತಂಗಿಯ ಮನೆಗೆ ವಿಡಿಯೋ ಕರೆ ಮಾಡಿದಳು. ತಂಗಿಯ ಗಂಡ ಕಾಣಿಸಿಕೊಂಡು, ಮೊಬೈಲನ್ನು ಹಾಸಿಗೆಯತ್ತ ತಿರುಗಿಸಿದ.

"ಮೊನ್ನೆಯಿಂದ ಎರಡೂ ಕೈ ಸ್ವಾಧೀನ ಇಲ್ಲ ಅಕ್ಕಾ. ಅದಕ್ಕೆ ಮುಂಚೆ ದಿನಾ ನಿಮ್ಮ ಫೋಟೋ ಹಿಡ್ಕೊಂಡು ಏನೋ ಸನ್ನೆ ಮಾಡೋಳು. ನಮಗೆ ಒಂದೂ ಅರ್ಥ ಆಗಲಿಲ್ಲ."

ಟೈಲರಮ್ಮ ಎರಡೂ ಕೈಯೆತ್ತಿ ಏನೋ ಕೇಳಿದಳು. ತಂಗಿಯ ಕಣ್ಣು ಆ ಬೆರಳುಗಳ ಹಿಂದೆಯೇ ಓಡಾಡಿತು.

"ಸಿಕ್ಕಿದಳಲ್ಲ, ಸಮಾಧಾನ ಆಯ್ತಾ?" ಅಂದ ಗಂಡ. "ಏಳು, ಊಟ ಹಾಕು."

ಅವಳು ಏಳಲಿಲ್ಲ. ಅದೇ ಸನ್ನೆಯನ್ನು ಮತ್ತೆ ಮತ್ತೆ ಮಾಡುತ್ತಿದ್ದಳು. ತಂಗಿಯ ಕೈಗಳು ಹೊದಿಕೆಯ ಮೇಲೆ ಹಾಗೇ ಬಿದ್ದಿದ್ದವು.