ದಾದೇಸಾಬನ ಅರ್ಥಿಂಗ್ ತಂತಿ

ಮಸ್ಕಿಯ ದಾದೇಸಾಬ ಹದಿನೈದು ವರ್ಷ ವಾಯುಸೇನೆಯಲ್ಲಿದ್ದು, ವಿಮಾನ ನಿಲ್ಲಿಸುವ ಶೆಡ್ಡುಗಳ ಕರೆಂಟಿನ ಕೆಲಸ ನೋಡಿಕೊಂಡು, 1985ರಲ್ಲಿ ಊರಿಗೆ ಬಂದ. ಎರಡು ವರ್ಷ ಪಂಪ್‌ಸೆಟ್ಟು ರಿಪೇರಿ ಮಾಡಿಕೊಂಡಿದ್ದ. ಅಷ್ಟರಲ್ಲಿ ಹೊರಗಿನ ಕಂಪನಿಯೊಂದು ಕಾಲುವೆ ಭಾಗದ ಭತ್ತಕ್ಕೆ ಔಷಧ ಸಿಂಪಡಿಸಲು ಸಣ್ಣ ವಿಮಾನ ತಂದು, ಸಿಂಧನೂರಿನಿಂದ ಬಳಗಾನೂರಿಗೆ ಹೋಗುವ ದಾರಿಯಲ್ಲಿ ತಗಡಿನ ಶೆಡ್ಡು ಹಾಕಿತು. ವಿಮಾನದ ಶೆಡ್ಡಿನ ಕೆಲಸ ಬಲ್ಲವನು ಸುತ್ತಮುತ್ತ ಇವನೊಬ್ಬನೇ. ಕರೆದು ಕೆಲಸ ಕೊಟ್ಟರು.

ಮೊದಲ ವಾರವೇ ಅವನು ಶೆಡ್ಡಿನ ಪಕ್ಕ ಆಳವಾದ ಗುಂಡಿ ತೋಡಿಸಿ, ತಾಮ್ರದ ಸರಳು ನಿಲ್ಲಿಸಿ, ಇದ್ದಿಲು, ಉಪ್ಪು ತುಂಬಿಸಿದ. ಪೀಪಾಯಿಯಿಂದ ವಿಮಾನಕ್ಕೆ ಪೆಟ್ರೋಲು ಹರಿಯುವಾಗಲೇ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ. ನೆಲಕ್ಕಿಳಿಯಲು ದಾರಿ ಸಿಗದಿದ್ದರೆ ಕಿಡಿಯಾಗಿ ಹಾರುತ್ತದೆ. ಅದಕ್ಕೇ ಪೀಪಾಯಿಗೂ ವಿಮಾನಕ್ಕೂ ತಂತಿ ಸಿಕ್ಕಿಸಿ, ಆ ಸರಳಿಗೆ ಜೋಡಿಸಿದ ಮೇಲೆಯೇ ಮುಚ್ಚಳ ತೆಗೆಯಬೇಕು. ಒಣಮಣ್ಣಿಗೆ ವಿದ್ಯುತ್ತು ಇಳಿಯುವುದಿಲ್ಲ; ಬೇಸಿಗೆಯಲ್ಲಿ ಎರೆನೆಲ ಬಿರುಕುಬಿಟ್ಟರೆ ಸರಳು ಇದ್ದೂ ಇಲ್ಲದಂತೆ. ಗುಂಡಿಗೆ ದಿನವೂ ನಾಲ್ಕು ಕೊಡ ನೀರು ಹಾಕಲು ಕೂಲಿಯ ಗ್ಯಾನಮ್ಮನಿಗೆ ಹೇಳಿದ್ದ. ಅವನ ಮಾತು ಕೇಳಿದವಳು ಅವಳೊಬ್ಬಳೇ. ಒಮ್ಮೆ ಅವನ ತಂತಿಯ ಮೇಲೆ ಯಾರೋ ಲುಂಗಿ ಒಣಹಾಕಿದ್ದರು.

ಮ್ಯಾನೇಜರ್ ನರಸಣ್ಣನದು ದಿನಾ ಒಂದೇ ಗೊಣಗು. “ಕಾಲು ತಾಸು ನಿನ್ನ ತಂತಿಗೇ ಹೋಗತೈತಿ. ವಿಮಾನ ನೆಲದ ಮ್ಯಾಲೇ ನಿಂತೈತಲ್ಲ?”

“ಗಾಲಿ ರಬ್ಬರಿಂದು ರೀ ಸಾಹೇಬ್ರ. ಎಷ್ಟು ಸರ್ತಿ ಹೇಳ್ಲಿ?”

1988ರ ಮಾರ್ಚಿನಲ್ಲಿ ಒಂದು ದಿನ ನರಸಣ್ಣ ಅವನನ್ನು ಯಾವುದೋ ಕಾಗದ ತರಲು ಲಿಂಗಸುಗೂರಿಗೆ ಕಳಿಸಿದ. ಒಣ ಬಿಸಿಗಾಳಿ ಬೀಸುತ್ತಿತ್ತು. ಪೀಪಾಯಿಯ ಕೈಪಂಪು ಕೆಟ್ಟಿತು. ವಿಮಾನ ಹೊರಡುವ ಅವಸರ. ಕೆಲಸಗಾರ ಅಂಬಪ್ಪ ಪ್ಲಾಸ್ಟಿಕ್ ಕ್ಯಾನಿನಿಂದ, ತಗಡಿನ ಲಾಳಿಕೆ ಹಿಡಿದು ಪೆಟ್ರೋಲು ಸುರಿಯತೊಡಗಿದ. ತಂತಿಯನ್ನು ಯಾರೂ ಮುಟ್ಟಲಿಲ್ಲ. ಲಾಳಿಕೆಯ ಬಾಯಲ್ಲಿ ಚಟ್ ಎಂದಿತು. ಬೆಂಕಿ ಅಂಬಪ್ಪನ ಕೈಗಳಿಗೆ ಹತ್ತಿಕೊಂಡಿತು. ಗ್ಯಾನಮ್ಮ ಮರಳಿನ ಬಕೆಟ್ಟು ಎತ್ತಿ ಎರಚಿದ್ದರಿಂದ ವಿಮಾನ ಉಳಿಯಿತು.

ದಾದೇಸಾಬ ಬಸ್ಸಿಳಿದು ಬರುವಷ್ಟರಲ್ಲಿ ಅಂಬಪ್ಪನನ್ನು ಆಸ್ಪತ್ರೆಗೆ ಒಯ್ದಾಗಿತ್ತು. ಕಂಪನಿಯ ಅಧಿಕಾರಿ ವಿಚಾರಣೆಗೆ ಬಂದು ಗುಂಡಿ ಪರೀಕ್ಷಿಸಿದ. ಅರ್ಥಿಂಗ್ ಸರಿಯಾಗಿಯೇ ಇತ್ತು. ‘ಕಾರಣ ತಿಳಿದುಬಂದಿಲ್ಲ’ ಎಂದು ಬರೆದ.

“ತಂತಿ ಹಚ್ಚಿದ್ದಿಲ್ಲ ಅಂತ ಬರೀರಿ,” ಎಂದ ದಾದೇಸಾಬ.

“ಆವತ್ತು ನೀನು ಇರಲಿಲ್ಲವಲ್ಲ.”

“ನಾ ಇದ್ದೆ ನೋಡ್ರಿ,” ಎಂದಳು ಗ್ಯಾನಮ್ಮ. “ತಂತಿ ಮೊಳೀಗೆ ಸುತ್ತಿಟ್ಟಿದ್ದು ಹಂಗೇ ಇತ್ತು.”

ಅಧಿಕಾರಿ ಪೆನ್ನಿನ ಟೊಪ್ಪಿಗೆ ಹಾಕಿದ. ಆ ವರದಿಗೆ ಸಹಿ ಹಾಕಲು ಹೇಳಿದಾಗ ದಾದೇಸಾಬ ಸೈಕಲ್ಲು ಹತ್ತಿ ಮನೆಗೆ ಹೋದ. ಮತ್ತೆ ಆ ಶೆಡ್ಡಿಗೆ ಬರಲಿಲ್ಲ. ಅಂಬಪ್ಪನ ಕೈ ವಾಸಿಯಾದರೂ ಎರಡು ಬೆರಳು ಮಡಚಲಿಲ್ಲ. ಮುಂದಿನ ವರ್ಷ ಕಂಪನಿಯೇ ಗಂಟುಮೂಟೆ ಕಟ್ಟಿತು.

1993ರ ಹೊತ್ತಿಗೆ ದಾದೇಸಾಬ ಲಿಂಗಸುಗೂರಿನ ಪೆಟ್ರೋಲ್ ಬಂಕಿನಲ್ಲಿದ್ದ. ಅಲ್ಲೂ ಪೆಟ್ರೋಲು ಇಳಿಸಲು ಬರುವ ಟ್ಯಾಂಕರಿನ ಡ್ರೈವರುಗಳು ತಂತಿ ಎಂದರೆ ಮುಖ ಸಿಂಡರಿಸುತ್ತಿದ್ದರು. ಬಿಡಿಸಿ ಹೇಳುವುದನ್ನು ಅವನು ಬಿಟ್ಟುಬಿಟ್ಟಿದ್ದ. ನೆಲದೊಳಗಿನ ಟ್ಯಾಂಕಿನ ಮುಚ್ಚಳಕ್ಕೆ ಬೀಗ ಹಾಕಿ ಕೀಲಿಯನ್ನು ತನ್ನ ಜೇಬಿನಲ್ಲಿಟ್ಟುಕೊಂಡ.

“ಲೇಟ್ ಆಗಾಕತ್ತೈತಿ, ತೆಗೀರೀ,” ಎಂದು ಡ್ರೈವರು ಹಾರನ್ ಬಾರಿಸುತ್ತಿದ್ದ.

“ಮೊದಲು ತಂತಿ ಹಚ್ಚು,” ಎಂದಷ್ಟೇ ಹೇಳಿ ದಾದೇಸಾಬ ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದ.