ಅವರಿಲ್ಲದೆ ನೋಡಿದ ಸಮುದ್ರ

ನಮ್ಮ ಮನೆಯವರು ಇಪ್ಪತ್ತೆರಡು ವರ್ಷ ನನ್ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ನಾವಿರುವ ಟೊರೆನ್ಸ್‌ನಿಂದ ಸ್ಯಾನ್ ಡಿಯಾಗೋಗೆ ಕಾರು ಓಡಿಸಿದರು. ಅಲ್ಲಿ ಅವರ ಅಣ್ಣನ ಮನೆ. ಯುಗಾದಿ, ದೀಪಾವಳಿ, ಯಾರದಾದರೂ ಹುಟ್ಟುಹಬ್ಬ, ಎಲ್ಲಕ್ಕೂ ಅಲ್ಲಿಗೇ ಸವಾರಿ. ಅಷ್ಟು ವರ್ಷಗಳಲ್ಲಿ ದಾರಿಯಲ್ಲಿ ಒಮ್ಮೆಯೂ ನಿಲ್ಲಿಸಲಿಲ್ಲ.

ಅವರು ವಿಮಾನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದರು. ನಮ್ಮ ಬಾಗಿಲಿನಿಂದ ಅಣ್ಣನ ಬಾಗಿಲಿಗೆ ಎಷ್ಟು ನಿಮಿಷವಾಯಿತು ಎಂದು ಕಾರಿನಲ್ಲಿಟ್ಟ ಒಂದು ಪುಟ್ಟ ಡೈರಿಯಲ್ಲಿ ಬರೆಯುವುದು ಅವರ ಚಟ. ಒಂದು ಗಂಟೆ ನಲವತ್ತೊಂದು ನಿಮಿಷ ಅವರ ದಾಖಲೆ. ಅದನ್ನು ಮುರಿಯುವ ಆಸೆಯಿಂದಾಗಿ ಊಟಕ್ಕೂ ನಿಲುಗಡೆ ಇರಲಿಲ್ಲ. ನಾನು ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಚಪಾತಿಗೆ ತುಪ್ಪ ಸವರಿ, ಶೇಂಗಾ ಚಟ್ನಿಪುಡಿ ಉದುರಿಸಿ, ಬಿಗಿಯಾಗಿ ಸುರುಳಿ ಸುತ್ತಿ ಅವರ ಬಲಗೈಗೆ ಕೊಡಬೇಕು. ಅವರು ರಸ್ತೆಯಿಂದ ಕಣ್ಣು ಕೀಳದೆ ಕೈ ಮಾತ್ರ ಚಾಚುತ್ತಿದ್ದರು. ಸುರುಳಿ ಬಿಚ್ಚಿ ಪುಡಿ ಪ್ಯಾಂಟಿನ ಮೇಲೆ ಚೆಲ್ಲಿತೋ, ಮುಂದಿನ ಇಪ್ಪತ್ತು ಮೈಲಿ ನನ್ನ ತವರಿನವರ ಜಾತಕ ಬಿಚ್ಚುತ್ತಿದ್ದರು.

ಸ್ಯಾನ್ ಕ್ಲೆಮೆಂಟೆ ದಾಟಿದ ಮೇಲೆ ಬಲಗಡೆ, ನನ್ನ ಕಿಟಕಿಯಲ್ಲೇ, ಸಮುದ್ರ ಕಾಣಿಸಿಕೊಳ್ಳುತ್ತದೆ. ನಾನು ಪ್ರತಿಸಲವೂ, "ಒಂದ್ ನಿಮಿಷ ನಿಲ್ಲಸ್ರಿ," ಎನ್ನುತ್ತಿದ್ದೆ. ಅವರು ಪ್ರತಿಸಲವೂ, "ಏನೈತಿ ನೋಡಾಕ? ನೀರು," ಎನ್ನುತ್ತಿದ್ದರು. ಆಮೇಲಾಮೇಲೆ ನಾನು ಕೇಳುವುದನ್ನು ಬಿಟ್ಟೆ. ಅವರು ಮಾತ್ರ ಆ ಜಾಗ ಬಂದಾಗ ತಾವಾಗಿಯೇ, "ನೀರು," ಎಂದು ನಗುತ್ತಿದ್ದರು.

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ್ದಕ್ಕೆ ಮಗಳು ನಮಗೆ ಐರ್ಲೆಂಡಿಗೆ ಟಿಕೆಟ್ ಬುಕ್ ಮಾಡಿದ್ದಳು. ಅಲ್ಲಿನ ಪಶ್ಚಿಮ ಕರಾವಳಿಯ ಗುಂಟ ಕಾರಿನಲ್ಲಿ ಒಂದು ವಾರ. ನಾನು ನಕ್ಷೆ ಪ್ರಿಂಟ್ ಮಾಡಿ, ನಿಲ್ಲಬೇಕಾದ ಕಡೆಯೆಲ್ಲ ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದೆ. ಹದಿನೇಳು ಸುತ್ತು. ಇವರು ಅದರಲ್ಲಿ ಹದಿಮೂರನ್ನು ಹೊಡೆದುಹಾಕಿ, "ಅಲ್ಲಿ ನಮ್ಮ ಊರಿನಂಗ ಎಡಕ್ಕ ಗಾಡಿ ಹೊಡಿಯೂದು, ನಾಕ ದಿನದಾಗ ಮುಗಸ್ತೀನಿ," ಎಂದರು. ಅದು ಎರಡು ಸಾವಿರದ ಇಪ್ಪತ್ತರ ವಸಂತ. ಕೋವಿಡ್ ಬಂತು, ವಿಮಾನ ರದ್ದಾಯಿತು. ನಕ್ಷೆಯನ್ನು ನಾನು ಎಸೆಯಲಿಲ್ಲ.

ಎರಡು ವರ್ಷದ ನಂತರ ಅವರ ಕಣ್ಣು ಕೈಕೊಟ್ಟಿತು. ಸಕ್ಕರೆ ಕಾಯಿಲೆ. ಕಣ್ಣಿನೊಳಗೆ ರಕ್ತ ಒಸರಿ ಎಡಗಣ್ಣು ಹೋಯಿತು, ಬಲಗಣ್ಣಿಗೆ ಪೊರೆ ಕಟ್ಟಿದಂತೆ ಮಬ್ಬು. ಲೈಸೆನ್ಸ್ ರದ್ದಾದ ಕಾಗದ ಬಂದ ದಿನ ಅವರು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತರು. ನಾನು ಹೊರಗೆ ಬಟ್ಟೆ ಮಡಿಸುತ್ತಾ ಕೇಳಿಸಿಕೊಂಡೆ. ಪಾಪ ಎನಿಸಿತು. ಖುಷಿಯೂ ಆಯಿತು. ನಿಜ ಹೇಳಬೇಕೆಂದರೆ ಖುಷಿಯೇ ಒಂದು ತೂಕ ಹೆಚ್ಚು.

ನಾನು ಐವತ್ತನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತೆ. ಎರಡು ಸಲ ಫೇಲಾಗಿ ಮೂರನೆಯ ಸಲ ಪಾಸಾದೆ. ಆ ಸುದ್ದಿಯನ್ನು ಇವರು ಅಣ್ಣನಿಗೆ ಫೋನಿನಲ್ಲಿ ಹೇಳಿದ್ದು ಹೀಗೆ: "ಇಕೀ ಗಾಡಿ ಹೊರಗ ತಗದ್ಲಂದ್ರ ಇನ್ಶೂರೆನ್ಸಿನವರು ಊರು ಬಿಟ್ಟು ಓಡ್ತಾರ." ಆ ಕಡೆಯಿಂದ ಇಡೀ ಮನೆ ನಕ್ಕದ್ದು ನನಗೆ ಕೇಳಿಸಿತು. ಸ್ಪೀಕರ್ ಹಾಕಿದ್ದು ಇವರೇ. ಪಕ್ಕದಲ್ಲಿ ಕೂತಾಗಲೂ, ಕಣ್ಣು ಕಾಣದಿದ್ದರೂ, "ಬ್ರೇಕ್! ಬ್ರೇಕ್!" ಎಂದು ಕಿರುಚುತ್ತಿದ್ದರು.

ಆಮೇಲೆ ಬಲಗಣ್ಣಿಗೆ ಆಪರೇಷನ್ ಎಂದಾಯಿತು. ಮಾಡದಿದ್ದರೆ ಇರುವುದೂ ಹೋಗುತ್ತದೆ, ಮಾಡಿದರೂ ಉಳಿದೀತೆಂದು ಭರವಸೆ ಇಲ್ಲ ಎಂದು ಡಾಕ್ಟರು ನಮ್ಮಿಬ್ಬರ ಎದುರಿಗೇ ಹೇಳಿದರು. ದಿನ ಮಂಗಳವಾರ. ಅದಕ್ಕೂ ಮುಂಚಿನ ಶುಕ್ರವಾರ ಇವರು ಊಟದ ತಟ್ಟೆಯ ಮುಂದೆ ಕೂತು, ಅನ್ನ ಕಲಸುತ್ತಾ, ನನ್ನ ಕಡೆ ನೋಡದೆ ಅಂದರು.

"ಆಪರೇಷನ್ ಆಗೂಕಿಂತ ಮದಲ ಒಮ್ಮೆ ಸಮುದ್ರದ ಗುಂಟ ಹೋಗೂಣು. ನಿಂತು ನಿಂತು ಹೋಗೂಣು. ಆಮ್ಯಾಲ ಕಾಣ್ತೈತೋ ಇಲ್ಲೋ."

ನಿಂತು ನಿಂತು! ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು.

"ನಾಳೆ ನಾ ಒಬ್ಬಾಕೀನ ಹೋಗಿ ದಾರಿ ನೋಡ್ಕೊಂಡು ಬರ್ತೀನ್ರಿ. ರವಿವಾರ ನಿಮ್ಮನ್ನ ಕರಕೊಂಡು ಹೋಗ್ತೀನಿ," ಎಂದೆ.

ಶನಿವಾರ ಬೆಳಿಗ್ಗೆ ಏಳಕ್ಕೆ ಹೊರಟೆ. ಹೆದ್ದಾರಿ ಹತ್ತದೆ ಸಮುದ್ರದ ಪಕ್ಕದ ರಸ್ತೆ ಹಿಡಿದೆ. ಲಾಂಗ್ ಬೀಚ್ ದಾಟುವವರೆಗೆ ಸ್ಟಿಯರಿಂಗ್ ಹಿಡಿದ ಕೈ ಬೆವರುತ್ತಿತ್ತು. ಹಿಂದಿನವರು ಹಾರ್ನ್ ಹೊಡೆದಾಗಲೆಲ್ಲ ಪಕ್ಕದ ಸೀಟಿನಿಂದ "ಬ್ರೇಕ್!" ಎಂಬ ಕೂಗು ಕೇಳಿದಂತಾಗುತ್ತಿತ್ತು. ಹಂಟಿಂಗ್ಟನ್ ಬೀಚ್ ಹತ್ತಿರ ಸಮುದ್ರ ರಸ್ತೆಗೆ ತಾಗಿಕೊಂಡೇ ಬಂತು. ನಿಲ್ಲಿಸಿದೆ. ಯಾರನ್ನೂ ಕೇಳಲಿಲ್ಲ, ಸುಮ್ಮನೆ ನಿಲ್ಲಿಸಿದೆ. ಕಾರಿನಿಂದ ಇಳಿದು, ಕೈಕಟ್ಟಿಕೊಂಡು, ಸಾಕೆನಿಸುವವರೆಗೆ ನೋಡಿದೆ.

ಆಮೇಲೆ ನನಗೆ ಹುಚ್ಚೇ ಹಿಡಿಯಿತು. ಲಗೂನಾದಲ್ಲಿ ಮೂರು ಕಡೆ ನಿಲ್ಲಿಸಿದೆ. ಅಲ್ಲಿ ಬಂಡೆಗಳ ನಡುವೆ ನೀರು ನುಗ್ಗಿ ನೊರೆಯಾಗಿ ವಾಪಸು ಹೋಗುವುದನ್ನು ನೋಡುತ್ತಾ ಅರ್ಧ ಗಂಟೆ ಕಳೆದೆ. ಡೇನಾ ಪಾಯಿಂಟ್‌ನಲ್ಲಿ ನಿಂತೆ, ಓಷನ್‌ಸೈಡ್‌ನಲ್ಲಿ ನಿಂತೆ, ಕಾರ್ಲ್ಸ್‌ಬಾಡ್‌ನಲ್ಲಿ ಚಪ್ಪಲಿ ಬಿಟ್ಟು ಸೀರೆಯ ನೆರಿಗೆ ಎತ್ತಿಕೊಂಡು ಮೊಣಕಾಲವರೆಗೆ ನೀರಿಗಿಳಿದೆ. ಅಭ್ಯಾಸಬಲದಿಂದ ನಾಲ್ಕು ಚಪಾತಿ ಸುರುಳಿ ಕಟ್ಟಿಕೊಂಡು ಬಂದಿದ್ದೆ. ನಾಲ್ಕನ್ನೂ ಒಬ್ಬಳೇ ತಿಂದೆ. ಪುಡಿ ಚೆಲ್ಲಿದರೆ ಚೆಲ್ಲಲಿ. ಹದಿನೇಳು ನಿಲುಗಡೆ ಮಾಡಬೇಕೆಂದು ಹಟ ಹಿಡಿದಿದ್ದೆ, ಐರ್ಲೆಂಡಿನ ಲೆಕ್ಕ ಇಲ್ಲೇ ತೀರಲಿ ಎಂದು. ಹದಿನೇಳನೆಯದು ಟೋರಿ ಪೈನ್ಸ್. ಅಲ್ಲಿ ರಸ್ತೆಯ ಬದಿಗೇ ಕಾರು ನಿಲ್ಲಿಸಬಹುದು, ನಾಲ್ಕು ಹೆಜ್ಜೆಗೆ ಸಮುದ್ರ. ಅಷ್ಟು ಖುಷಿಯಾಗಿ ನಾನು ಈ ದೇಶಕ್ಕೆ ಬಂದ ಮೇಲೆ ಎಂದೂ ಇರಲಿಲ್ಲ.

ಆಗ ಫೋನ್ ಬಂತು.

"ಎಲ್ಲಿದ್ದಿ?"

"ಟೋರಿ ಪೈನ್ಸ್."

"ಇನ್ನೂ ಅಲ್ಲೇ ಅದಿ? ಹೊಂಟು ಆರ್ ತಾಸಾತಲ್ಲ!" ಎಂದರು. ಆಮೇಲೆ ದನಿ ಇಳಿಯಿತು. "ಹೆಂಗೈತಿ? ಇವತ್ತ ಬಣ್ಣ ಹೆಂಗೈತಿ ಹೇಳು."

ಬಣ್ಣ ನನ್ನ ಕಣ್ಣೆದುರಿಗೇ ಇತ್ತು. ದಡದ ಹತ್ತಿರ ಎಳೆ ಹಸಿರು, ಆಚೆ ನೀಲಿ, ಇನ್ನೂ ಆಚೆ ಬಿಸಿಲಿಗೆ ಪಾತ್ರೆ ತೊಳೆದಿಟ್ಟಂಥ ಹೊಳಪು. ಏಳು ಪೆಲಿಕನ್ ಹಕ್ಕಿಗಳು ಸಾಲಾಗಿ ಹೋಗುತ್ತಿದ್ದವು. ಹೇಳುವುದು ಕಷ್ಟವಿರಲಿಲ್ಲ.

"ಏನೈತಿ ನೋಡಾಕ? ನೀರು," ಎಂದೆ.

ಅವರು "ಹೂಂ," ಎಂದು ಫೋನ್ ಇಟ್ಟರು. ನಾನು ಕಾರಿನಲ್ಲಿ ಕೂತು ಆ ಡೈರಿ ತೆಗೆದು, ಅವರ ದಾಖಲೆಯ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದೆ: ಆರು ಗಂಟೆ ಇಪ್ಪತ್ತು ನಿಮಿಷ.

ಭಾನುವಾರ ಬೆಳಿಗ್ಗೆ ಅವರು ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬೂಟು ಕಟ್ಟಿಕೊಂಡು ಸೋಫಾದ ಮೇಲೆ ಕೂತಿದ್ದರು. ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು. ನಾನು, "ಭುಜ ಹಿಡಕೊಂಡೈತ್ರಿ, ಇವತ್ತ ಆಗೂದಿಲ್ಲ," ಎಂದೆ. ಭುಜಕ್ಕೆ ಏನೂ ಆಗಿರಲಿಲ್ಲ. ಅವರು ಹತ್ತು ಗಂಟೆಯವರೆಗೆ ಬೂಟು ಬಿಚ್ಚದೆ ಕೂತಿದ್ದರು, ಆಮೇಲೆ ಬಿಚ್ಚಿದರು. ಹೊರಗೆ ಬಿಸಿಲು ಹಿಂದಿನ ದಿನದಷ್ಟೇ ಚೆನ್ನಾಗಿತ್ತು.

ಆಪರೇಷನ್ನಿನಿಂದ ಏನೂ ಉಳಿಯಲಿಲ್ಲ. ಬೆಳಕು ಯಾವ ಕಡೆಯಿದೆ ಎಂಬುದಷ್ಟೇ ಗೊತ್ತಾಗುತ್ತದೆ. ಅವರು ನನ್ನನ್ನು ಆ ಭಾನುವಾರದ ಬಗ್ಗೆ ಒಂದು ಮಾತೂ ಕೇಳಿಲ್ಲ. ಬೈದಿದ್ದರೆ ನನಗೂ ಹಗುರವಾಗುತ್ತಿತ್ತು.

ಮೂರು ತಿಂಗಳಾದ ಮೇಲೆ ನಾನೇ ಕರೆದುಕೊಂಡು ಹೋದೆ. ನಿಂತು ನಿಂತು ಹೋದೆ. ಅವರು "ಬ್ರೇಕ್" ಎನ್ನಲಿಲ್ಲ, ಎಷ್ಟು ಹೊತ್ತಾಯಿತೆಂದು ಕೇಳಲಿಲ್ಲ. ಟೋರಿ ಪೈನ್ಸ್‌ನಲ್ಲಿ ಇಳಿಸಿ, ಸಮುದ್ರದ ಕಡೆ ಮುಖ ಮಾಡಿಸಿ ನಿಲ್ಲಿಸಿ, ಹಿಂದಿನ ಸೀಟಿನಿಂದ ಡಬ್ಬಿ ತರಲು ಹೋದೆ. ಬರುವಷ್ಟರಲ್ಲಿ ಯಾವುದೋ ಸದ್ದಿಗೆ ಅವರು ತಿರುಗಿಬಿಟ್ಟಿದ್ದರು. ಸಮುದ್ರ ಬೆನ್ನ ಹಿಂದೆ, ಎದುರಿಗೆ ಯಾರದೋ ಬಿಳಿ ವ್ಯಾನು. ಬಿಸಿಲು ಬಿದ್ದು ಅದು ಪಳಪಳ ಹೊಳೆಯುತ್ತಿತ್ತು. ಅವರು ಆ ಹೊಳಪಿನ ಕಡೆ ಮುಖವೆತ್ತಿ ನಿಂತಿದ್ದರು.

"ಭಾಳ ಛಂದ ಐತಿ," ಎಂದರು. "ನೀ ಅಂದಾಗೆಲ್ಲ ನಿಲ್ಲಸಬೇಕಾಗಿತ್ತು ನಾ."

ಇಪ್ಪತ್ತೆರಡು ವರ್ಷ ಕಾದ ಮಾತು. ಭುಜಕ್ಕೆ ಒಂದು ಬೆರಳು ತಾಗಿಸಿದ್ದರೆ ಸಾಕಿತ್ತು, ತಿರುಗುತ್ತಿದ್ದರು. ನಾನು ತಾಗಿಸಲಿಲ್ಲ. ಅದು ಈಗಲೂ ನನ್ನನ್ನು ಕೊರೆಯುತ್ತದೆ. ಆದರೆ ಮತ್ತೊಮ್ಮೆ ಹೋದರೆ ತಿರುಗಿಸುತ್ತೇನೆಂದು ಆಣೆ ಮಾಡಿ ಹೇಳಲಾರೆ.

ಚಪಾತಿಗೆ ಚಟ್ನಿಪುಡಿ ಉದುರಿಸಿ, ಬಿಗಿಯಾಗಿ ಸುತ್ತಿ, ಅವರು ಚಾಚಿದ ಬಲಗೈಗೆ ಕೊಟ್ಟೆ. ಅವರು ವ್ಯಾನನ್ನು ನೋಡುತ್ತಾ ನಿಧಾನವಾಗಿ ತಿಂದರು. ನಾನು ಅವರ ಬೆನ್ನಿಗೆ ಬೆನ್ನು ಮಾಡಿ ನಿಂತು ಸಮುದ್ರ ನೋಡಿದೆ.