ನಾನಿ ಶಾಲೆ ಬಿಡಿಸಲಿಲ್ಲ

ದೇವರಾಜ ಮೊಹಲ್ಲಾದಲ್ಲಿ ನಡೆಯುವಾಗ ಎಲ್ಲಿಂದಲೋ ಹಸಿ ಊದುಬತ್ತಿಯ ವಾಸನೆ ಬಂದರೆ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ. ಇದ್ದಿಲ ಪುಡಿ, ಅಂಟಿನ ಪುಡಿ, ನೀರು ಕಲಸಿದ, ಇನ್ನೂ ಸುಗಂಧ ಬೆರೆಯದ ಆ ವಾಸನೆಯಲ್ಲೇ ನಾನು ಅರಬ್ಬಿ ಅಕ್ಷರ ಕಲಿತದ್ದು. ನಾನಿ, ಅಂದರೆ ನನ್ನ ಅಮ್ಮನ ತಾಯಿ, ಹಜಾರದಲ್ಲಿ ಮಣೆಯ ಮೇಲೆ ಬತ್ತಿ ಹೊಸೆಯುತ್ತಿದ್ದರು. ಸುತ್ತ ಬೀದಿಯ ಹೆಣ್ಣುಮಕ್ಕಳು ಕುರಾನ್ ತೆರೆದು ಕೂತಿರುತ್ತಿದ್ದೆವು. ಕಪ್ಪು ಮೆತ್ತಿದ ಕೈಯಲ್ಲಿ ಗ್ರಂಥ ಮುಟ್ಟುವಂತಿಲ್ಲವಾದ್ದರಿಂದ ಅವರು ಕಿವಿಯಿಂದಲೇ ಪಾಠ ನೋಡುತ್ತಿದ್ದರು. ಯಾರದಾದರೂ ಸ್ವರ ತಪ್ಪಿದರೆ ಹೊಸೆಯುವ ಕೈ ನಿಲ್ಲುತ್ತಿತ್ತು. ಬೈಗುಳ ಬೇಕಿರಲಿಲ್ಲ.

ನಾನು ಕುರಾನ್ ಪೂರ್ತಿ ಓದಿ ಮುಗಿಸಿದ ದಿನ ಮನೆಯಲ್ಲಿ ಸಿಹಿ ಹಂಚಿದರು. ಆ ಸಂಜೆಯೇ ಅಪ್ಪನ ಅಣ್ಣ, ಬೀದಿಗೆಲ್ಲ ಹಿರಿಯರು, ಬಂದು ಕೂತು, "ಓದು ಮುಗೀತಲ್ಲ, ಇನ್ನು ಇಸ್ಕೂಲು ಬಿಡಿಸ್ಬುಡಿ. ಹುಡುಗಿ ದೊಡ್ಡವಳಾಗ್ತಾವ್ಳೆ" ಅಂದರು.

"ಬಿಡಿಸಲ್ಲ" ಅಂದರು ನಾನಿ, ತಲೆ ಎತ್ತದೆ. "ಹಿಂದಿನ ಕಾಲದಲ್ಲಿ ನಮ್ಮ ಹೆಂಗಸರು ಮಸೀದೀಲಿ ಕೂತು ಗಂಡಸರಿಗೆ ಪಾಠ ಹೇಳ್ತಿದ್ರು. ಒಬ್ಬಾಕೆ ಅಪ್ಪ ಬಿಟ್ಟೋದ ಆಸ್ತೀಲಿ ಮಸೀದಿ ಕಟ್ಟಿಸಿದ್ಲು, ಅದೇ ದೊಡ್ಡ ವಿದ್ಯಾಲಯ ಆಯ್ತು. ಲೆಕ್ಕ, ವೈದ್ಯ ಎಲ್ಲಾ ಕಲೀತಿದ್ರು ನಮ್ಮೋರು. ದೇವರ ಓದು ಬೇರೆ, ಲೋಕದ ಓದು ಬೇರೆ ಅಂತ ನೀವೆಲ್ಲಿ ಕಲಿತ್ರಿ?"

ದೊಡ್ಡಪ್ಪ ಚಹಾ ಮುಟ್ಟದೆ ಎದ್ದು ಹೋದರು. ಮರುವಾರದಿಂದ ಹಜಾರದ ಚಾಪೆಗಳು ಖಾಲಿಯಾಗತೊಡಗಿದವು. ನಾನಿ ಮಾತ್ರ ದಿನಾ ಬೆಳಿಗ್ಗೆ ಬುರ್ಖಾ ತೊಟ್ಟು, ನನ್ನ ಕೈ ಹಿಡಿದು, ದೊಡ್ಡಪ್ಪನ ಅಂಗಡಿಯ ಮುಂದಿನಿಂದಲೇ ಶಾಲೆಗೆ ಕರೆದೊಯ್ದರು. ಬಳಸುದಾರಿ ಇತ್ತು. ಅದನ್ನು ಅವರು ಒಮ್ಮೆಯೂ ಹಿಡಿಯಲಿಲ್ಲ. ಗೆಳತಿಯರಲ್ಲಿ ಕೆಲವರು ಮತ್ತೆ ಪಾಠಕ್ಕೆ ಬಂದರು. ಉಳಿದವರಿಗೆ ಬೇಗ ಮದುವೆಯಾಯಿತು. ಅವರ ಮುಖ ಮಸುಕಾಗಿದೆ, ಓದುವ ದನಿ ಮಾತ್ರ ಇನ್ನೂ ಕಿವಿಯಲ್ಲಿದೆ.

ಆ ಮನೆ ಈಗಿಲ್ಲ, ಅಲ್ಲೊಂದು ಚಪ್ಪಲಿ ಮಳಿಗೆ ಎದ್ದಿದೆ. ನಾನಿಯೂ ಇಲ್ಲ. ನಾನು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಮೊನ್ನೆ, ನಾನು ಮನೆಯಲ್ಲಿ ಮಕ್ಕಳಿಗೆ ಕುರಾನ್ ಹೇಳಿಕೊಡುವುದು ತಿಳಿದು ಸಹೋದ್ಯೋಗಿಯೊಬ್ಬರು, ಕೆಟ್ಟ ಮನಸ್ಸಿನಿಂದೇನಲ್ಲ, "ಈ ಕಾಲದಲ್ಲೂ ಮದರಸಾ ಪಾಠ ಯಾಕೆ ಮೇಡಂ? ನೀವೇ ಅದರಿಂದ ಹೊರಗೆ ಬಂದ್ರಲ್ಲ" ಅಂದರು.

"ನಾನು ಅದರಿಂದ ಹೊರಗೆ ಬಂದವಳಲ್ಲ ಕಣ್ರೀ" ಅಂದೆ. "ಅಲ್ಲಿಂದಲೇ ಬಂದವಳು."

ಭಾನುವಾರ ಶ್ರೀರಾಂಪುರದ ನಮ್ಮ ಮನೆಗೆ ಹೆಣ್ಣುಮಕ್ಕಳು ಬರುತ್ತಾರೆ. ಮೊದಲು ಕುರಾನ್, ಆಮೇಲೆ ಶಾಲೆಯ ಲೆಕ್ಕ. ಒಂದನ್ನು ಬಿಡಿ ಅನ್ನುವವರು ಎರಡೂ ಕಡೆ ಇದ್ದಾರೆ. ನಾನು ಯಾವುದನ್ನೂ ಬಿಟ್ಟಿಲ್ಲ. ಈ ಮಕ್ಕಳಿಗೆ ನಾನಿ ಯಾರೆಂದು ಗೊತ್ತಿಲ್ಲ, ಯಾವ ಇತಿಹಾಸದ ಪುಸ್ತಕದಲ್ಲೂ ಅವರ ಹೆಸರಿಲ್ಲ. ಮಕ್ಕಳು ಕೇಳಿದರೆ ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ.